ನಾಲ್ಕನೆಯ ಪುಟ

ಮುದ್ದಯ್ಯನ ಕಾಂಪೋಸಿಷನ್ ಪುಸ್ತಕದ ನಾಲ್ಕನೆಯ ಪುಟವೂ ಐದನೆಯ ಪುಟವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಟಿಸಿದವನು ಅವನೇ. ಬೆಳಿಗ್ಗೆ ಕುಡಿದು ಉಳಿದ ರಾಗಿ ಅಂಬಲಿಯಲ್ಲಿ ಬೆರಳದ್ದಿ ನಾಲ್ಕು ಮೂಲೆಗೂ ಒಂದೊಂದು ಬೊಟ್ಟಿಟ್ಟು, ಮೇಲೆ ಕಲ್ಲು ಹೇರಿ ಒಣಗಿಸಿದ್ದ. ಮಂಗಳವಾರ ಪುಸ್ತಕ ಕೊಟ್ಟ. ಶುಕ್ರವಾರ ಪುಸ್ತಕ ವಾಪಸು ಬಂತು. ತೆರೆದು ನೋಡಿದ. ಒಂದು ಬೊಟ್ಟೂ ಬಿಟ್ಟುಕೊಂಡಿರಲಿಲ್ಲ.

ಕಿಟಕಿಯ ಒಳಗಿನಿಂದ ಕನ್ನಡ ಪಂಡಿತರು ಹೇಳಿದ್ದರು: “ಓದಿದೆ ಮುದ್ದಯ್ಯ. ಚೆನ್ನಾಗಿ ಬರ್ದಿದ್ದೀಯಪ್ಪ. ನಲವತ್ತು.”

ಇದರಲ್ಲೇನು ಮಹಾ ಅನ್ಯಾಯ ಎಂದು ಕೇಳುವವರಿದ್ದಾರೆ. ಅವರಿಗಾಗಿ ಮೊದಲಿನಿಂದ ಹೇಳಬೇಕು.

ನಲವತ್ತಾರನೆಯ ಇಸವಿ. ಕಿರುಗಾವಲು ಕಡೆಯ ಒಂದು ಮಾದಿಗರ ಕೇರಿಯಿಂದ ಹೈಸ್ಕೂಲಿಗೆ ಹೋಗುತ್ತಿದ್ದವನು ಮುದ್ದಯ್ಯನೊಬ್ಬನೇ. ಹದಿನೆಂಟು ತುಂಬಿತ್ತು. ಶಾಲೆ ಇದ್ದ ಪೇಟೆ ನಾಲ್ಕು ಮೈಲಿ. ಎಲ್ಲ ಜಾತಿಯವರನ್ನೂ ಸೇರಿಸಿಕೊಳ್ಳಬೇಕೆಂದು ಸರ್ಕಾರದ ಆರ್ಡರು ಬಂದು ಎಷ್ಟೋ ವರ್ಷವಾಗಿತ್ತು. ಸೇರಿಸಿಕೊಂಡರು. ಒಳಗೆ ಕೂರಿಸಬೇಕೆಂದು ಆರ್ಡರಿನಲ್ಲಿ ಬರೆದಿರಲಿಲ್ಲವಂತೆ. ಹಾಗಾಗಿ ಮುದ್ದಯ್ಯ ಜಗಲಿಯ ಮೇಲೆ ಕೂತ. ಮೂರನೆಯ ಕಿಟಕಿಯ ಪಕ್ಕ, ಗೋಣಿತಾಟು ಹಾಸಿಕೊಂಡು. ಅಲ್ಲಿಂದ ಬೋರ್ಡಿನ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು. ಬಲಗಡೆಯ ಅರ್ಧವನ್ನು ನಾಲ್ಕು ವರ್ಷ ಅವನು ಊಹೆಯಲ್ಲೇ ಕಲಿತ.

ಪಂಡಿತರು ಕೆಟ್ಟವರಲ್ಲ. ಅದೇ ನೋಡಿ ಕಷ್ಟ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಖಾದಿ ಉಡುತ್ತಿದ್ದರು. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಏರಿಸಿದಾಗ ಹೋಗಿ ಲಾಠಿ ಏಟು ತಿಂದಿದ್ದರು. ಸ್ವಾತಂತ್ರ್ಯ ಬರಲಿ, ಎಲ್ಲರೂ ಒಂದೇ ಎನ್ನುತ್ತಿದ್ದರು. ಮುದ್ದಯ್ಯನಿಗೆ ಒಂದು ದಿನವೂ ಬಿರುಸು ಮಾತಾಡಿದವರಲ್ಲ. ಆದರೆ ಅವನು ಮುಟ್ಟಿದ ಪುಸ್ತಕ ಮುಟ್ಟುತ್ತಿರಲಿಲ್ಲ. ಅವನು ಪುಸ್ತಕವನ್ನು ಕಿಟಕಿಯ ಕಲ್ಲಿನ ಮೇಲಿಡಬೇಕು. ಅದು ಮೂರು ದಿನ ಅಲ್ಲೇ ಬಿದ್ದಿರುತ್ತಿತ್ತು. ಆಮೇಲೆ “ನಲವತ್ತು” ಎಂದು ಒಳಗಿನಿಂದ ಕೂಗಿ ಹೇಳುವರು. ಅವನು ತೆಗೆದುಕೊಳ್ಳುವನು.

ಬೇರೆ ಹುಡುಗರ ಪುಸ್ತಕಗಳ ಚಂದವೇ ಬೇರೆ. ಪಂಡಿತರ ಮೇಜಿನ ಮೇಲೆ ಒಂದು ಕೆಂಪು ಶಾಯಿಯ ಕುಡಿಕೆ. ತಪ್ಪಿಗೆ ಸುತ್ತು, ಒಳ್ಳೆಯ ವಾಕ್ಯಕ್ಕೆ ಪಕ್ಕದಲ್ಲಿ ಉದ್ದ ಗೆರೆ, ಕೊನೆಗೆ ನಾಲ್ಕು ಸಾಲು ಬುದ್ಧಿಮಾತು. ಪಟೇಲರ ಮಗ ಪುಟ್ಟರಾಜು ತನ್ನ ಪುಸ್ತಕವನ್ನು ಕಿಟಕಿಯ ಹತ್ತಿರ ಹಿಡಿದು ಗೊಣಗುತ್ತಿದ್ದ. “ನೋಡ್ಲಾ ಮುದ್ದ, ಕೋಳಿ ಕುಯ್ದಂಗೆ ಮಾಡ್ಬುಟ್ಟವ್ರೆ ನನ್ ಪುಸ್ತಕವ! ನಿಂದೇ ವಾಸಿ ಕಣ್ಲಾ, ಒಂದು ಚುಕ್ಕೆನೂ ಇಲ್ಲ.”

ಮುದ್ದಯ್ಯನಿಗೆ ಹೊಟ್ಟೆ ಉರಿದುಹೋಗುತ್ತಿತ್ತು. ಯಾರಿಗಾದರೂ ಹೇಳಿದರೆ ನಗುತ್ತಾರೆ. ತನ್ನ ತಪ್ಪಿಗೂ ಒಂದು ಸುತ್ತು ಬೀಳಲಿ ಎಂದು ಆಸೆಪಡುವ ಹುಡುಗ ಎಲ್ಲಾದರೂ ಉಂಟೇ! ಉಂಟು. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಯಾರಾದರೂ ಓದಬೇಕು. ಬೈದರೂ ಸರಿ, ಓದಿ ಬೈಯಬೇಕು.

ಅನುಮಾನ ಬಂದು ಪರೀಕ್ಷೆ ಮಾಡಿದ್ದ. ಒಂದು ಸಲ ‘ಗೋವಿನ ಉಪಯೋಗಗಳು’ ಎಂಬ ಪ್ರಬಂಧಕ್ಕೆ ತನ್ನ ಮನೆಯ ಆಡು ಬೇಲಿ ಹಾರಿದ ಕಥೆ ಬರೆದ. ನಲವತ್ತು. ಇನ್ನೊಂದು ಸಲ ನಡುವೆ ಎರಡು ಪುಟ ಖಾಲಿ ಬಿಟ್ಟ. ನಲವತ್ತು. ಪಾಸಾಗಲು ಸಾಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಧರ್ಮಾತ್ಮರು, ಫೇಲು ಮಾಡಲಿಲ್ಲವಲ್ಲ!

ಆ ವರ್ಷ ಪಠ್ಯದಲ್ಲಿ ಒಂದು ಹಳೆಯ ನಾಟಕವಿತ್ತು. ಒಬ್ಬ ರಾಜ ಅರಮನೆಯ ಬಾಗಿಲಲ್ಲಿ ಒಂದು ಭೇರಿ ಇಡಿಸುತ್ತಾನೆ. ಅನ್ಯಾಯವಾದವರು ಯಾರೇ ಬಂದು ಬಾರಿಸಲಿ, ರಾಜನೇ ಎದ್ದು ಬರಬೇಕು. ಮಂತ್ರಿ ಒಬ್ಬ ವಿಧವೆಯ ಹೊಲ ಕಿತ್ತುಕೊಳ್ಳುತ್ತಾನೆ. ಐದನೆಯ ಅಂಕದಲ್ಲಿ ಜಡಿಮಳೆ. ಆ ಹೆಂಗಸು ನೆನೆಯುತ್ತ ಬಂದು ಭೇರಿ ಹೊಡೆಯುತ್ತಾಳೆ. ಏಳು ಬೀದಿ ನಡುಗುತ್ತದೆ. ರಾಜ ಬರುತ್ತಾನೆ. ಹೊಲ ಸಿಕ್ಕುತ್ತದೆ. ಮಂಗಳ.

“ಭೇರಿ ಅಂದ್ರೆ ಬರೀ ಭೇರಿ ಅಂದ್ಕೋಬೇಡಿ,” ಎಂದರು ಪಂಡಿತರು. “ಅದು ಸಂಕೇತ. ಅದರ ಧ್ವನಿ ಧರ್ಮದ ಧ್ವನಿ. ನಾಟಕದ ತಿರುಳೇನು, ಭೇರಿಯ ಸಂಕೇತವೇನು, ಎಂಟು ಪುಟ ಬರ್ಕೊಂಬನ್ನಿ. ಚೆನ್ನಾಗಿ ಬರೆದವನು ವಾರ್ಷಿಕೋತ್ಸವದ ದಿವಸ ವೇದಿಕೆ ಮೇಲೆ ನಿಂತು ಓದ್ಬೇಕು. ಆಮೇಲೆ ಇದೇ ನಾಟಕ ಆಡ್ತೀವಿ.”

ಹೊರಗೆ ಜಗಲಿಯಲ್ಲಿ ಮುದ್ದಯ್ಯನ ಕತ್ತಿಗೆ ಸೂರಿನ ನೀರು ತೊಟ್ಟಿಕ್ಕುತ್ತಿತ್ತು. ಅವನ ತಲೆಗೆ ಥಟ್ಟನೆ ಒಂದು ಹುಳ ಹೊಕ್ಕಿತು. ಜಡಿಮಳೆಯಲ್ಲಿ ಭೇರಿ ಸದ್ದು ಮಾಡಿತೇ? ಯಾವ ಭೇರಿ? ಯಾವ ಊರಿನದು?

ಅವನಪ್ಪ ಕೆಂಪಸಿದ್ದಯ್ಯ ಚರ್ಮದ ಕೆಲಸದವನು. ಎಕ್ಕಡ ಹೊಲಿಯುತ್ತಿದ್ದ, ಬಾವಿಯ ನೀರೆತ್ತುವ ಕಪಿಲೆಬಾನಿ ಕಟ್ಟುತ್ತಿದ್ದ, ತಮಟೆ ಬಿಗಿಯುತ್ತಿದ್ದ. ನಾಲ್ಕು ಹನಿ ಬಿದ್ದರೆ ತಮಟೆ ನೆನೆದ ರೊಟ್ಟಿಯ ಹಾಗೆ ಜೋಲುಬೀಳುವುದನ್ನು ಮುದ್ದಯ್ಯ ನಡೆಯಲು ಕಲಿತಾಗಿನಿಂದ ನೋಡಿದ್ದ. ನೆನೆದ ಚರ್ಮವನ್ನು ಕಾಯಿಸಬೇಕು. ಕಾದರೆ ಬಿಗಿಯುತ್ತದೆ, ಬಿಗಿದರೆ ನುಡಿಯುತ್ತದೆ. ಮದುವೆಯಾಗಲಿ ಸಾವಾಗಲಿ, ಹೊಡೆಯುವವರು ಹೊಡೆಯುತ್ತಿದ್ದರು, ಕಾಯಿಸುವವನು ಮೂಲೆಯಲ್ಲಿ ಕೂತು ಹೊಗೆ ಕುಡಿಯುತ್ತಿದ್ದ. ಆ ಮೂಲೆಯಲ್ಲಿ ಮುದ್ದಯ್ಯ ಕೂತಿದ್ದಾನೆ. ಕಣ್ಣು ಕೆಂಪಾಗಿ ಮೂಗು ಸೋರಿಸಿಕೊಂಡು ಕೂತಿದ್ದಾನೆ.

ಭಾನುವಾರ ಹಟ್ಟಿಯ ಮುಂದೆ ಕೂತು ಬರೆದ. ಮೊದಲ ಮೂರು ಪುಟ ಪಂಡಿತರು ಹೇಳಿದ್ದೇ. ನಾಲ್ಕನೆಯ ಪುಟದಲ್ಲಿ ತನ್ನ ಮಾತು ಶುರುಮಾಡಿದ.

‘ಮಳೆಯಲ್ಲಿ ನೆನೆದ ಚರ್ಮವು ನುಡಿಯುವುದಿಲ್ಲ. ಆದುದರಿಂದ ಆ ಹೆಂಗಸು ಬರುವುದಕ್ಕೆ ಮೊದಲೇ ಯಾರೋ ಒಬ್ಬನು ಅರಮನೆಯ ಬಾಗಿಲಲ್ಲಿ ಬೆಂಕಿ ಹಾಕಿ ಭೇರಿಯನ್ನು ಕಾಯಿಸಿದ್ದಾನೆ. ಐದು ಅಂಕಗಳಲ್ಲಿ ಎಲ್ಲಿಯೂ ಅವನಿಲ್ಲ. ಅವನಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಅವನು ಕಾಯಿಸದಿದ್ದರೆ ಧರ್ಮಕ್ಕೆ ಧ್ವನಿಯೇ ಇಲ್ಲ. ಈ ನಾಟಕದ ತಿರುಳು ಅವನೇ ಎಂದು ನನ್ನ ಅಭಿಪ್ರಾಯ.’

ಬರೆದು ಮುಗಿಸಿ ಮತ್ತೊಮ್ಮೆ ಓದಿಕೊಂಡ. ಅರಮನೆಯಲ್ಲವೇ, ಪಂಡಿತರು ಮೆಚ್ಚಲಿ ಎಂದು ಬರವಣಿಗೆಯ ಬೆಂಕಿಗೆ ಚಂದನದ ಸೌದೆಯನ್ನೂ ಸೇರಿಸಿ ಬರೆದ. ಇದು ಒಳ್ಳೆಯದಿದೆ ಎಂದು ಅವನಿಗೇ ಗೊತ್ತಾಯಿತು. ಹಾಗೆ ಗೊತ್ತಾದ ಮೇಲೆ ಭಯವಾಯಿತು. ಇದನ್ನೂ ಓದದಿದ್ದರೆ? ಅದಕ್ಕೇ ಆ ಎರಡು ಪುಟಕ್ಕೆ ಅಂಬಲಿ ಹಚ್ಚಿದ. ಓದಬೇಕಾದರೆ ಬಿಡಿಸಲೇಬೇಕು.

ಬಿಡಿಸಿರಲಿಲ್ಲ. ಓದಿದೆ ಎಂದಿದ್ದರು.

ಆ ಶುಕ್ರವಾರ ನಾಲ್ಕು ಮೈಲಿ ನಡೆದು ಬರುವಾಗ ಮುದ್ದಯ್ಯನಿಗೆ ಮಾತಾಡಲು ಒಂದು ನರಪಿಳ್ಳೆ ಬೇಕೆನಿಸಿತು. ಶಾಲೆಯಲ್ಲಿ ಓದು ಬಲ್ಲವರು ಅವನೊಡನೆ ಮಾತಾಡುತ್ತಿರಲಿಲ್ಲ. ಕೇರಿಯಲ್ಲಿ ಮಾತಾಡುವವರಿಗೆ ಓದು ಬಾರದು. ತಾಯಿ ಸತ್ತು ಮೂರು ವರ್ಷ. ಅಪ್ಪನಿಗೆ ಏನೆಂದು ಹೇಳುವುದು? ಪುಟ ಅಂಟಿಕೊಂಡಿದೆ ಎಂದೇ? ದಾರಿಯ ಕಲ್ಲಿನ ಮೇಲೆ ಕೂತು ಅತ್ತ. ಅಳು ನಿಂತ ಮೇಲೆ ಎದ್ದು ನಡೆದ.

ಸೋಮವಾರ ಶಾಲೆಯ ಜವಾನ ತಿಮ್ಮಯ್ಯ ಕೇರಿಯ ಅಂಚಿಗೆ ಬಂದು ನಿಂತು ಕೂಗಿದ. ನಾಟಕಕ್ಕೆ ಭೇರಿ ಬೇಕು. ಶಾಲೆಯಲ್ಲಿ ತಾಮ್ರದ ಹಳೆಯ ನಗಾರಿಯೊಂದಿದೆ, ಚರ್ಮ ಹರಿದಿದೆ, ಕೆಂಪಸಿದ್ದಯ್ಯ ಹೊಸ ಚರ್ಮ ಬಿಗಿದುಕೊಡಬೇಕು. ಕೂಲಿಯ ಮಾತು ಅವನೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಕೇರಿಯವರ ಕೆಲಸಕ್ಕೆ ಕೂಲಿ ಉಂಟೆಂದು ಯಾರೂ ಎಲ್ಲೂ ಬರೆದಿರಲಿಲ್ಲ.

ಅಪ್ಪ ಮಗ ಇಬ್ಬರೂ ಕೆಲಸಕ್ಕೆ ಹತ್ತಿದರು. ಸತ್ತ ಎಮ್ಮೆಗರುವಿನ ಚರ್ಮ. ಸುಣ್ಣದ ನೀರಿನಲ್ಲಿ ಮೂರು ದಿನ ನೆನೆಹಾಕಿ ಕೂದಲು ಹೆರೆಯಬೇಕು. ಒಳಗಿನ ಮಾಂಸ ಕೆತ್ತಬೇಕು. ಸುಣ್ಣ ಬೆರಳ ಸಂದಿಗೆ ಇಳಿದು ಚರ್ಮ ಸುಲಿಯುತ್ತದೆ, ಯಾರ ಚರ್ಮ ಹೆರೆಯುತ್ತಿದ್ದೇವೆ ಎಂಬುದೇ ಮರೆಯುತ್ತದೆ. ಆಮೇಲೆ ಹಸಿಯಲ್ಲೇ ಎಳೆದು ಬಾರು ಬಿಗಿಯಬೇಕು. ನಗಾರಿಗೆ ಕಾಲು ಕೊಟ್ಟು, ಬಾರನ್ನು ಹಲ್ಲಿನಲ್ಲಿ ಕಚ್ಚಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯುತ್ತಾನೆ ಕೆಂಪಸಿದ್ದಯ್ಯ. ಮುಂದಿನ ಎರಡು ಹಲ್ಲು ಹಾಗೆಯೇ ಹೋಗಿದ್ದವು. ಮುದ್ದಯ್ಯ ಒಂದು ವಾರ ಶಾಲೆಗೆ ಹೋಗಲಿಲ್ಲ. ಶಾಲೆಯ ಕೆಲಸ ತಾನೇ ಎಂದು ಪಂಡಿತರೇ ರಜ ಕೊಟ್ಟಿದ್ದರು.

ವಾರ್ಷಿಕೋತ್ಸವದ ಬೆಳಿಗ್ಗೆ ನಗಾರಿಯನ್ನು ಬೊಂಬಿಗೆ ಕಟ್ಟಿ, ಅಪ್ಪ ಮುಂದೆ ಮಗ ಹಿಂದೆ, ಹೆಗಲ ಮೇಲೆ ಹೊತ್ತು ನಾಲ್ಕು ಮೈಲಿ ತಂದರು. ಶಾಲೆಯ ಅಂಗಳದಲ್ಲಿ ಪುಟ್ಟರಾಜುವಿನ ಗುಂಪು ಮೂಗು ಮುಚ್ಚಿಕೊಂಡಿತು.

“ಥೂ! ನಾತ ಕಣ್ರೋ!”

ಪುಟ್ಟರಾಜುವೇ ಸಂಜೆ ನಾಟಕದಲ್ಲಿ ಸೀರೆಯುಟ್ಟು ವಿಧವೆಯಾಗಿ ಅದನ್ನು ಬಾರಿಸುವವನು. ಕೆಂಪಸಿದ್ದಯ್ಯ ನಗಾರಿ ಇಳಿಸಿ ಬೆರಳಲ್ಲಿ ಒಮ್ಮೆ ತಟ್ಟಿದ. ಸದ್ದು ಅಂಗಳ ದಾಟಿ ರಸ್ತೆಗೆ ಹೋಯಿತು. ಮೂಗು ಮುಚ್ಚಿದವರು ಕೈ ತೆಗೆದರು.

“ನೀರ್ ಸೋಕುಸ್ಬ್ಯಾಡಿ ಬುದ್ಧಿ,” ಎಂದ ಅವನು ತಿಮ್ಮಯ್ಯನಿಗೆ. “ಮೋಡ ಆಗದೆ. ಒಳ್ಗೆ ಬೆಚ್ಗೆ ಮಡಗಿ.”

“ಆಯ್ತು ಓಗಯ್ಯ, ನಮ್ಗೂ ಗೊತ್ತದೆ.”

ಅಪ್ಪ ಹೊರಟುಹೋದ. ಮುದ್ದಯ್ಯ ಜಗಲಿಯಲ್ಲಿ ಉಳಿದ. ತಿಮ್ಮಯ್ಯ ಬಾವಿಯಿಂದ ಎರಡು ಕೊಡ ನೀರು ಸೇದಿ ತಂದ. ಮುದ್ದಯ್ಯ ನೋಡುತ್ತಿದ್ದ ಹಾಗೆಯೇ ಒಂದು ಕೊಡವನ್ನು ನಗಾರಿಯ ನೆತ್ತಿಯ ಮೇಲೆ ಸುರಿದ.

“ಅಣ್ಣೋ! ಚರ್ಮಕ್ಕೆ ನೀರು…”

“ಸುಮ್ಕಿರ್ಲಾ. ನಿಮ್ ಕೈಲಿ ಬಂದದೆ, ಮಡಿ ಆಗ್ಬ್ಯಾಡ್ವಾ? ಪಟೇಲ್ರ ಮಗ ಮುಟ್ಬೇಕು ಇದ್ನ.” ಎರಡನೆಯ ಕೊಡವನ್ನೂ ಸುರಿದ. “ಪಂಡಿತ್ರೇ ಏಳವ್ರೆ.”

ಅಪ್ಪನ ಒಂದು ವಾರದ ಹಲ್ಲು, ಬೆನ್ನು, ಉಗುರು ಆ ನೀರಿನಲ್ಲಿ ಇಳಿದು ಚರಂಡಿಗೆ ಹೋಯಿತು. ಸಿಟ್ಟು ಬರಬೇಕಿತ್ತು. ಬಂದದ್ದು ಒಂಥರಾ ತಣ್ಣನೆಯ ಸುಸ್ತು. ಗೋಣಿತಾಟು ಸುತ್ತಿಕೊಂಡು ಅಂಗಳದ ಆಚೆಯ ಹುಣಸೆಮರದ ಕೆಳಗೆ ಹೋಗಿ ಕೂತ. ಕಾಂಪೋಸಿಷನ್ ಪುಸ್ತಕ ಅಂಗಿಯೊಳಗಿತ್ತು. ಯಾಕೆ ತಂದಿದ್ದನೋ, ಅವನಿಗೂ ತಿಳಿಯದು.

ಮಧ್ಯಾಹ್ನ ಮೂರಕ್ಕೆ ಅಂಗಳದ ಚಪ್ಪರದಲ್ಲಿ ಸಭೆ. ಜಲಪಾತದ ಹತ್ತಿರದ ಬ್ಲಫಿನ ಕರೆಂಟು ಕಾರ್ಖಾನೆಯ ಎಂಜಿನಿಯರೊಬ್ಬರು ಮುಖ್ಯ ಅತಿಥಿ. ಪಕ್ಕದಲ್ಲಿ ಪಟೇಲರು. ಸಣ್ಣ ಹನಿ ಶುರುವಾಗಿತ್ತು. ಪುಟ್ಟರಾಜು ಮೊದಲ ಬಹುಮಾನದ ಪ್ರಬಂಧ ಓದಿದ. ಭೇರಿಯ ಧ್ವನಿ ಧರ್ಮದ ಧ್ವನಿ ಎಂದು ಆರು ಸಲ ಬಂತು. ಪಂಡಿತರು ಬರೆಸಿದ್ದನ್ನು ಪಂಡಿತರಿಗೇ ಓದಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕ ಶುರುವಾಯಿತು.

ನಾಲ್ಕನೆಯ ಅಂಕ ಮುಗಿದು ಪರದೆ ಬಿತ್ತು. ಹಿಂದುಗಡೆಯಿಂದ ಪಂಡಿತರು ಹೊರಗೆ ಬಂದರು. ಹನಿಯಲ್ಲಿ, ತಲೆಯ ಮೇಲೆ ಶಾಲು ಹೊದ್ದು, ಹೆಚ್ಚು ಕಡಿಮೆ ಓಡುತ್ತಲೇ ಹುಣಸೆಮರಕ್ಕೆ ಬಂದರು. ನಾಲ್ಕು ವರ್ಷದಲ್ಲಿ ಅವನಿಗೆ ಅಷ್ಟು ಹತ್ತಿರ ಅವರು ಬಂದದ್ದು ಅದೇ ಮೊದಲು.

“ಮುದ್ದಯ್ಯ, ಬೇಗ ಬಾರಪ್ಪ. ಭೇರಿ ಹೊಡೆದ್ರೆ ಥಪ್ ಅಂತಿದೆ. ಅದೇನೋ ಕಾಯಿಸ್ತಾರಂತಲ್ಲ, ಕಾಯಿಸ್ಕೊಡು. ಮಾನ ಉಳಿಸು.”

ಮುದ್ದಯ್ಯ ಎದ್ದು ನಿಂತ. “ನೀರ್ ಯಾಕ್ ಸುರುಸುದ್ರಿ ಸಾರ್?”

ಅವರೆದುರು ಅವನು ಯಾವಾಗಲೂ ಪುಸ್ತಕದ ಕನ್ನಡ ಆಡುತ್ತಿದ್ದ. ಈಗ ಹಟ್ಟಿಯ ಮಾತೇ ಬಂತು.

“ಅದು… ನಡ್ಕೊಂಡು ಬಂದಿರೋದು. ನಂಗೇನೂ ಇಲ್ಲಪ್ಪ, ಜನ ಒಪ್ಪಬೇಕಲ್ಲ. ಈಗ ಅದೆಲ್ಲ ಯಾಕೆ?”

“ನಾನ್ ಕಾಯ್ಸಿಕೊಟ್ಮೇಲೆ ಇನ್ನೊಂದ್ ದಪ ನೀರ್ ಸುರುಸ್ತೀರಾ?”

ಒಳಗೆ ಐದನೆಯ ಅಂಕದ ಗಂಟೆಯಾಯಿತು.

“ನೀನು ನನ್ನ ಶಿಷ್ಯ ಅಲ್ವೇನೋ?” ಎಂದರು ಪಂಡಿತರು. ಮೆತ್ತಗೆ ಹೇಳಿದರು. ಬೈದಿದ್ದರೆ ಅವನು ಹೋಗಿಬಿಡುತ್ತಿದ್ದನೋ ಏನೋ. ಈ ಮಾತು ಎದೆಗೆ ನಾಟಿತು.

ಅಂಗಿಯೊಳಗಿಂದ ಪುಸ್ತಕ ತೆಗೆದ. “ಚರ್ಮ ಹೆಂಗೆ ಕಾಯಿಸ್ಬೇಕು, ಯಾರ್ ಕಾಯಿಸ್ತಾರೆ, ಎಲ್ಲಾ ಇದ್ರ ನಾಕನೇ ಪುಟದಲ್ಲಿ ಬರ್ದಿವ್ನಿ. ಓದಿವ್ನಿ ಅಂದ್ರಲ್ಲ ನೀವು. ಓದಿದ್ರೆ ಗೊತ್ತಿರ್ಬೇಕು. ಓದಿಲ್ದಿದ್ರೆ ಈಗ ಓದಿ. ತಕಳಿ.”

ಪಂಡಿತರು ಪುಸ್ತಕ ನೋಡಿದರು. ಅವನ ಬೆರಳು ನೋಡಿದರು. ಸುಣ್ಣಕ್ಕೆ ಸುಲಿದು ಬೆಳ್ಳಗಾಗಿದ್ದವು. “ಆಯ್ತು, ಓದ್ತೀನಿ. ಕಿಟಕಿ ಮೇಲಿಡು.”

“ಮಡಗಾಕಿಲ್ಲ.”

“ಮುದ್ದಯ್ಯ!”

“ಮಡಗಾಕಿಲ್ಲ ಸಾರ್. ನಾಕ್ ವರ್ಸ ಮಡಗ್ದೆ. ನನ್ ಕೈಯಿಂದ ತಕಳಿ. ತಕಂಡ್ರೆ ಈಗ್ಲೇ ಬತ್ತೀನಿ. ಕಾಯಿಸ್ತೀನಿ, ಒರುಸ್ತೀನಿ, ನೀವ್ ಏಳುದ್ ಮಾಡ್ತೀನಿ. ತಕಳಿ.”

ಹನಿ ಪುಸ್ತಕದ ರಟ್ಟಿನ ಮೇಲೆ ಬೀಳುತ್ತಿತ್ತು. ಚಾಚಿದ ತೋಳನ್ನು ಅವನು ಇಳಿಸಲಿಲ್ಲ. ಪಂಡಿತರ ಬಲಗೈ ಮೇಲೆದ್ದಿತು. ನಿಜವಾಗಿಯೂ ಎದ್ದಿತು, ಸುಳ್ಳು ಹೇಳಬಾರದು. ಎದೆಯ ಮಟ್ಟಕ್ಕೆ ಬಂತು. ಅಷ್ಟರಲ್ಲಿ ಅವರು ಸಭೆಯ ಕಡೆ ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಪಟೇಲರು ಕತ್ತು ಹೊರಳಿಸಿ ಇತ್ತಲೇ ನೋಡುತ್ತಿದ್ದರು. ಎದ್ದ ಕೈ ಶಾಲಿನ ಅಂಚು ಸರಿಮಾಡಿಕೊಂಡಿತು. ಲಾಠಿ ಏಟಿಗೆ ಹೆದರದ ಕೈ ಅದು. ಎರಡು ಗೇಣು ಮುಂದೆ ಬರಲಾರದೆ ಹೋಯಿತು.

ಪಂಡಿತರು ತಿರುಗಿ ಹೋದರು.

ಪರದೆ ಎದ್ದಿತು. ಸೀರೆಯುಟ್ಟ ಪುಟ್ಟರಾಜು ಗೋಳಾಡುತ್ತ ಬಂದು ಭೇರಿಗೆ ಹೊಡೆದ. ಥಪ್. ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಸದ್ದು. ಮತ್ತೆ ಹೊಡೆದ. ಥಪ್. ಭೇರಿಯ ಸದ್ದು ಕೇಳಿ ರಾಜ ಒಳಗಿನಿಂದ ಬರಬೇಕು. ಸದ್ದು ಕೇಳಿದರೆ ತಾನೇ? ರಾಜನ ಪಾತ್ರಧಾರಿ ಕಿವಿಗೊಟ್ಟು ಪಕ್ಕದಲ್ಲಿ ನಿಂತೇ ಇದ್ದ. ವಿಧವೆ ಎರಡು ಕೈಯಲ್ಲೂ ಬಡಿದಳು. ಗುದ್ದಿದಳು. ಥಪ್ ಥಪ್ ಥಪ್.

“ಲೇ, ರಾಜ ಮನಿಕಂಡವ್ನೆ ಕಣ್ರೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ಎಂಜಿನಿಯರೂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು.

ಮುದ್ದಯ್ಯ ನಗಲಿಲ್ಲ. ಗೆದ್ದೆ ಎನಿಸಲಿಲ್ಲ. ತಾನು ಬರೆದದ್ದು ನಿಜವೆಂದು ಊರೆಲ್ಲ ಕೇಳಿಸಿಕೊಂಡಿತು, ಆದರೆ ತಾನು ಅದನ್ನು ಬರೆದಿದ್ದೇನೆಂದು ಒಬ್ಬರಿಗೂ ಗೊತ್ತಿಲ್ಲ. ಇಂಥ ಒಂಟಿತನ ಯಾರಿಗೂ ಬೇಡಪ್ಪ. ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಮನೆಗೆ ನಡೆದ.

ಮಾರನೆಯ ಬೆಳಿಗ್ಗೆ ತಿಮ್ಮಯ್ಯ ಮತ್ತೆ ಕೇರಿಯ ಅಂಚಿನಲ್ಲಿ ನಿಂತು ಕೂಗಿದ.

“ಲೇ ಮುದ್ದ, ಇನ್ಮೇಕೆ ಇಸ್ಕೂಲ್ಗೆ ಬರ್ಬ್ಯಾಡ್ವಂತೆ! ಪಟೇಲ್ರು ಏಳವ್ರೆ. ಆಜ್ರಿ ಪುಸ್ತಕದಲ್ಲಿ ನಿನ್ನೆಸ್ರಿನ್ ಮ್ಯಾಲೆ ಗೆರೆ ಎಳ್ದವ್ರೆ ಪಂಡಿತ್ರು. ಕೆಂಪು ಸಾಯಿಲಿ. ನಾನೇ ನೋಡ್ದೆ.”

ನಾಲ್ಕು ವರ್ಷ ಕಾದದ್ದಕ್ಕೆ ಕೊನೆಗೂ ಪಂಡಿತರ ಕೆಂಪು ಶಾಯಿ ಮುದ್ದಯ್ಯನಿಗೆ ಸಿಕ್ಕಿತು!

ಕೆಂಪಸಿದ್ದಯ್ಯ ಚರ್ಮ ಹೆರೆಯುತ್ತಿದ್ದವನು ಉಳಿ ಕೆಳಗಿಟ್ಟ. ಹೆದರಿದ. ಸಿಟ್ಟಾದ. “ಏನ್ಲಾ ಮಾಡ್ಬುಟ್ಟೆ? ಕಾಯ್ಸಿಕೊಟ್ಟಿದ್ರೆ ನಿನ್ ಗಂಟೇನ್ಲಾ ಓಯ್ತಿತ್ತು? ನಾಕ್ ವರ್ಸ ನಡೆದಿದ್ದು ಮಣ್ಣಾಯ್ತಲ್ಲೋ!”

ಮುದ್ದಯ್ಯ ಎಲ್ಲವನ್ನೂ ಹೇಳಿದ. ಎರಡು ಕೊಡ ನೀರಿನ ಮಾತು ಬಂದಾಗ ಅಪ್ಪ ತನ್ನ ಕೈಯನ್ನೇ ನೋಡಿಕೊಂಡ.

“ಎರಡು ಕೊಡ ಸುರುದ್ರಾ?”

“ಊಂ.”

“ನಾನ್ ಏಳಿದ್ನಲ್ಲೋ.” ಕೈ ಒರೆಸಿಕೊಂಡ. “ಅದೇನ್ ಬರ್ದಿದ್ದೆ ಆ ಪುಸ್ತಕದಲ್ಲಿ? ಓದು, ನೋಡವ.”

“ನಿಂಗ್ ತಿಳಿಯಾಕಿಲ್ಲ ಕಣಪ್ಪ.”

“ತಮಟೆ ವಿಸ್ಯ ನಂಗ್ ತಿಳೀದೆ ಪಂಡಿತ್ರಿಗೆ ತಿಳಿತದಾ? ಓದ್ಲಾ.”

ಮುದ್ದಯ್ಯ ಅಂಟಿದ ಪುಟಗಳನ್ನು ಉಗುರಿನಲ್ಲಿ ಬಿಡಿಸಿದ. ಮೂಲೆಯಲ್ಲಿ ಎರಡು ಅಕ್ಷರ ಕಿತ್ತುಬಂದವು. ನಾಲ್ಕನೆಯ ಪುಟ ಓದತೊಡಗಿದ. ಅಪ್ಪ ಉಳಿ ಮುಟ್ಟದೆ ಕೂತಿದ್ದ. ಐದು ಅಂಕಗಳಲ್ಲಿ ಎಲ್ಲಿಯೂ ಅವನಿಲ್ಲ ಎಂಬಲ್ಲಿ ತಲೆಯಾಡಿಸಿದ. ಮುದ್ದಯ್ಯ ಮುಂದೆ ಓದಿದ: ‘ಅವನು ಚಂದನದ ಸೌದೆಯ ಬೆಂಕಿಯಲ್ಲಿ ಭೇರಿಯನ್ನು ಕಾಯಿಸಿ…’

“ತಡಿ, ತಡಿ. ಏನಂದೆ? ಸೌದೆನಾ?”

“ಅರಮನೆ ಅಲ್ವಾ, ಅದ್ಕೆ…”

“ಅರಮನೆ ಆದ್ರೇನ್ಲಾ, ಚರ್ಮ ಚರ್ಮನೇ ಅಲ್ವಾ? ಸೌದೆ ಬೆಂಕಿಗಿಟ್ರೆ ಸುಟ್ಟು ಸುಕ್ಕಾಯ್ತದೆ. ಉಲ್ಲಿನ ಬೆಂಕಿ ಆಗ್ಬೇಕು. ಬುಗ್ ಅಂತ ಎದ್ದು ಓಗ್ಬುಡ್ಬೇಕು. ಎಷ್ಟ್ ದಪ ಕಾಯಿಸಿದೀಯ, ಗೊತ್ತಿಲ್ವಾ ನಿಂಗೆ? ತಪ್ಪು ಬರ್ದಿದೀಯ ಕಣ್ಲಾ ಅಲ್ಲಿ. ತಿದ್ದು.”

ಮುದ್ದಯ್ಯ ಅಪ್ಪನ ಮುಖವನ್ನೇ ನೋಡಿದ. ನಾಲ್ಕು ವರ್ಷದಲ್ಲಿ ಅವನ ಪ್ರಬಂಧಕ್ಕೆ ಬಿದ್ದ ಮೊದಲ ತಿದ್ದುಪಡಿ. ಒಳಗೆ ಹೋಗಿ ಲೇಖನಿ ತಂದ. ಶಾಯಿ ಮುಗಿದಿತ್ತು. ಪಕ್ಕದಲ್ಲಿ ಎಕ್ಕಡದ ಚರ್ಮ ಹದಮಾಡಲು ತಂಗಡಿ ಗಿಡದ ಚಕ್ಕೆ ನೆನೆಹಾಕಿದ ಬಾನಿಯಿತ್ತು. ನೀರು ಕೆಂಪಗಿತ್ತು. ಅದಕ್ಕೇ ಲೇಖನಿ ಅದ್ದಿ, ‘ಚಂದನದ ಸೌದೆ’ಯ ಸುತ್ತ ಒಂದು ಸುತ್ತು ಹಾಕಿ, ಮೇಲೆ ‘ಹುಲ್ಲು’ ಎಂದು ಬರೆದ.

“ತಿದ್ದುದ್ಯಾ?”

“ತಿದ್ದಿವ್ನಿ.”

“ಊಂ,” ಎಂದು ಕೆಂಪಸಿದ್ದಯ್ಯ ಗೋಡೆಗೆ ಒರಗಿ ಕಾಲು ಚಾಚಿದ. “ಮುಂದಕ್ ಓದು.”